ಒಂದು ದಿನದ ಬೀಗ

ಸಿಡ್ನಿಯಲ್ಲಿ ಇಳಿದಾಗ, ಬಂದ ಕಾರಣವೇನೆಂದು ಕೇಳಿದ ಅಧಿಕಾರಿಗೆ ನಾನು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದೆ. ಏಳುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಕ್ರೈಸ್ತ ಮಠಗಳು ರಾಜನ ಅಧಿಕಾರಿಗಳನ್ನು ಬಾಗಿಲಲ್ಲೇ ತಡೆದು ತಮ್ಮ ಆಸ್ತಿ ಉಳಿಸಿಕೊಂಡದ್ದು ಹೇಗೆ ಎಂಬುದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಲು ಬಂದಿದ್ದೇನೆ ಎಂದೆ. ಅವನು ನನ್ನ ಸೀರೆ, ಸ್ವೆಟರು, ಕಾಲಿನ ಕ್ಯಾನ್ವಾಸ್ ಷೂ ಎಲ್ಲವನ್ನೂ ಒಮ್ಮೆ ನೋಡಿ, ಇನ್ನೇನನ್ನೂ ಕೇಳುವ ಧೈರ್ಯ ಮಾಡದೆ ಮುದ್ರೆ ಒತ್ತಿದ. ಮುಂದಿನ ಮೇಜಿನ ಹೆಂಗಸು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಚಟ್ನಿಪುಡಿಯ ಡಬ್ಬಿ ತೆರೆಸಿದಳು, ಮೂಸಿದಳು, ಸೀನಿದಳು, ಕೊನೆಗೆ ಹಿಂದಿರುಗಿಸಿದಳು. ಒಣ ಕರಿಬೇವು ಮಾತ್ರ ಅವಳ ಬುಟ್ಟಿಯ ಪಾಲಾಯಿತು.

ಅದು ಎರಡು ಸಾವಿರದ ಆರರ ಮೇ ತಿಂಗಳು. ನಮ್ಮಲ್ಲಿ ಬೇಸಿಗೆ ಬೆವರು ಹರಿಸುತ್ತಿದ್ದರೆ ಅಲ್ಲಿ ಎಲೆ ಉದುರುವ ಕಾಲ. ಮೈಸೂರಿನ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಹೇಳುತ್ತ ತಲೆ ನರೆತ ನನಗೆ ಅದು ಮೊದಲ ವಿದೇಶ ಪ್ರಯಾಣ. ಸಹೋದ್ಯೋಗಿಯ ಮಗಳು ಸ್ಮಿತಾ ನನ್ನನ್ನು ಪೆಂಡಲ್ ಹಿಲ್‌ನ ತನ್ನ ಬಾಡಿಗೆ ಮನೆಗೆ ಕರೆದುಕೊಂಡು ಹೋದಳು. ಅವಳಿಗೆ ಚಾಟ್ಸ್‌ವುಡ್‌ನ ಆಫೀಸೊಂದರಲ್ಲಿ ಕೆಲಸ. ಬೆಳಿಗ್ಗೆ ಕತ್ತಲಿರುವಾಗಲೇ ರೈಲು ಹತ್ತಿದರೆ ಸಂಜೆ ಕತ್ತಲಾದ ಮೇಲೇ ವಾಪಸು.

"ಈ ಸಬರ್ಬ್‌ನಲ್ಲಿ ರೆಂಟ್ ಸ್ವಲ್ಪ ಕಮ್ಮಿ ಆಂಟಿ. ಸ್ಟೇಷನ್ ಪಕ್ಕದಲ್ಲೇ ದೋಸೆ, ಕೊತ್ತಂಬರಿ ಸೊಪ್ಪು ಎಲ್ಲಾ ಸಿಗತ್ತೆ. ಪಿಆರ್, ಅದೇ ಇಲ್ಲೇ ಖಾಯಮ್ಮಾಗಿ ಇರೋಕೆ ಪರ್ಮಿಷನ್, ಬಂದ್ಮೇಲೆ ಮನೆ ತಗೊಳ್ಳೋಣ ಅಂತಿದೀವಿ, ಮಾರ್ಟ್‌ಗೇಜ್ ನೆನೆಸ್ಕೊಂಡ್ರೆ ಮಾತ್ರ ನಿದ್ದೆ ಹಾರಿಹೋಗತ್ತೆ," ಎಂದಳು. ಸ್ಟೇಷನ್ ಪಕ್ಕದ ದೋಸೆಯನ್ನು ಅಂದೇ ಪರೀಕ್ಷಿಸಿದೆ. ಸಾಂಬಾರಿಗೆ ಸಕ್ಕರೆ ಹಾಕಿದ್ದರು. ಆದರೂ ತಟ್ಟೆ ಖಾಲಿ ಮಾಡಿದೆ.

ಸಮ್ಮೇಳನ ಮರುದಿನ, ನಗರದ ಒಂದು ವಿಶ್ವವಿದ್ಯಾಲಯದಲ್ಲಿ. ನಾನು ಹೇಳಿದ್ದು ಇಷ್ಟು. ನಮ್ಮ ತಾಮ್ರಶಾಸನಗಳಲ್ಲಿ ದಾನಕೊಟ್ಟ ಭೂಮಿಗೆ ರಾಜಭಟರು ಕಾಲಿಡುವಂತಿಲ್ಲ ಎಂಬ ಮಾತು ಬರುತ್ತದೆ. ಅದೇ ಹಕ್ಕಿಗಾಗಿ ಇಂಗ್ಲೆಂಡಿನ ಮಠಗಳೂ ಹೋರಾಡುತ್ತಿದ್ದವು. ಅಲ್ಲಿನ ಸನ್ಯಾಸಿಗಳಿಗೆ ರಾಜನ ಸಿಟ್ಟಿಗಿಂತ ತಮ್ಮದೇ ಸೌಜನ್ಯದ ಭಯ ಹೆಚ್ಚು. ಒಂದು ಮಳೆಯ ರಾತ್ರಿ ಪಾಪ ಎಂದು ರಾಜನ ಅಧಿಕಾರಿಗೆ ಊಟ ಹಾಕಿ, ಅವನ ಕುದುರೆಗೆ ಹುಲ್ಲು ಕೊಟ್ಟರೆ, ಮುಂದಿನ ವರ್ಷ ಅವನು ಇನ್ನೂ ನಾಲ್ಕು ಕುದುರೆಗಳೊಂದಿಗೆ ಬಂದು, ಇದು ರಾಜನಿಗೆ ಸಲ್ಲಬೇಕಾದ ಪದ್ಧತಿ ಎನ್ನುತ್ತಿದ್ದ. ಆದ್ದರಿಂದ ಜಾಣ ಮಠಾಧಿಪತಿಗಳು ಊಟ ಬಡಿಸುವ ಮೊದಲೇ, ಇದು ನಮ್ಮ ದಯೆಯೇ ಹೊರತು ನಿಮ್ಮ ಹಕ್ಕಲ್ಲ ಎಂದು ರಾಜನಿಂದಲೇ ಒಪ್ಪಿಗೆ ಪಡೆಯುತ್ತಿದ್ದರು.

ಚಪ್ಪಾಳೆ ಬಿತ್ತು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಎದ್ದು, "ಆ ಸನ್ಯಾಸಿಗಳು ದೊಡ್ಡ ಜಮೀನುದಾರರು ತಾನೆ? ಅವರ ಬಾಗಿಲು ಮುಚ್ಚಿದಾಗ ಹೊರಗೆ ಉಳಿದದ್ದು ರಾಜ ಮಾತ್ರವೇ, ಜನರೂ ಅಲ್ಲವೇ?" ಎಂದು ಕೇಳಿದ. ನಾನು ಏನೋ ಗಟ್ಟಿ ದನಿಯಲ್ಲಿ ಉತ್ತರ ಕೊಟ್ಟೆ. ಗಟ್ಟಿ ಇದ್ದದ್ದು ದನಿ ಮಾತ್ರ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಾಯಿತು.

ಮೆಲ್ಬರ್ನ್‌ಗೆ ವಿಮಾನದಲ್ಲಿ ಹೋಗಿ ಎಂದು ಸ್ಮಿತಾ ಎಷ್ಟು ಹೇಳಿದರೂ ನಾನು ರೈಲನ್ನೇ ಹಿಡಿದೆ. ಎಪ್ಪತ್ತೈದು ಡಾಲರು, ಹನ್ನೊಂದು ಗಂಟೆಯ ಹಾದಿ. ದೇಶ ನೋಡಲು ಬಂದವಳು ಮೋಡ ನೋಡಿಕೊಂಡು ಹೋಗುವುದೆಂದರೇನು? ಗೋಲ್‌ಬರ್ನ್ ದಾಟಿದ ಮೇಲೆ ಕಿಟಕಿಯ ಆಚೆ ಕಂಡದ್ದು ಒಣಹುಲ್ಲಿನ ಬಣ್ಣದ ಗುಡ್ಡಗಳು, ಅವುಗಳ ಮೇಲೆ ಅದೇ ಬಣ್ಣದ ಕುರಿಗಳು. ಮಳೆ ಕಾಣದೆ ಕೆರೆಗಳ ತಳ ಬಿರುಕು ಬಿಟ್ಟಿತ್ತು. ಮೈಲಿಗಟ್ಟಲೆ ಮನುಷ್ಯರಿಲ್ಲ, ಆದರೆ ಬೇಲಿಗಳು ಮಾತ್ರ ಮೈಲಿಗಟ್ಟಲೆ ಇದ್ದವು. ಪಕ್ಕದ ಸೀಟಿನ ರೈತ ಮುದುಕನನ್ನು, ಇಷ್ಟು ಬೇಲಿ ಯಾರ ಭಯಕ್ಕೆ ಎಂದು ಕೇಳಿದೆ. "ಭಯಕ್ಕಲ್ಲ. ಬೇಲಿ ಬಿದ್ದರೆ ನೆರೆಯವನ ಕುರಿಯೂ ನನ್ನದು ಅಂತ ನನಗೇ ಅನ್ನಿಸಿಬಿಡುತ್ತದೆ," ಎಂದು ನಕ್ಕ. ಆಲ್ಬರಿಯಲ್ಲಿ ಅವನು ಇಳಿದುಹೋದ. ನಾನು ಚಟ್ನಿಪುಡಿ ಹಚ್ಚಿದ ಬ್ರೆಡ್ಡು ತಿಂದು ಮಲಗಿದೆ.

ಮೆಲ್ಬರ್ನಿನ ಸ್ಟೇಷನ್ನಿನಲ್ಲಿ ಸೆವರಿನ್ ಕಾಯುತ್ತಿದ್ದಳು. ನಾವಿಬ್ಬರೂ ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡಿದವರು, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಪರೀಕ್ಷೆ ಮುಗಿದ ವರ್ಷವೇ ಅವಳು ಮಂಗಳೂರಿಗೆ ಹೋಗಿ ಕಾನ್ವೆಂಟ್ ಸೇರಿ ಸಿಸ್ಟರ್ ಸೆವರಿನ್ ಆದಳು. ನಾಲ್ಕು ವರ್ಷಗಳ ಹಿಂದೆ, ಇಲ್ಲಿನ ಕಾನ್ವೆಂಟಿನಲ್ಲಿ ಉಳಿದಿದ್ದವರೆಲ್ಲ ಮುದುಕಿಯರಾದ್ದರಿಂದ, ಅವರನ್ನೂ ಮನೆಯನ್ನೂ ನೋಡಿಕೊಳ್ಳಲು ಅವಳನ್ನು ಮುಖ್ಯಸ್ಥೆಯಾಗಿ ಕಳಿಸಿದ್ದರು. ಬೂದು ಬಣ್ಣದ ಲಂಗ, ಉಣ್ಣೆಯ ಟೋಪಿ, ಕೈಯಲ್ಲಿ ಕಾರಿನ ಕೀಲಿ.

"ಎಂತ ಮಾರಾಯ್ತಿ, ಇಷ್ಟು ದಪ್ಪ ಆಗಿದ್ದಿ!" ಎಂದು ಅಷ್ಟು ಜನರ ನಡುವೆ ಕೂಗಿದಳು.

"ನೀನೇನು ಕಡ್ಡಿ ಆಗಿದೀಯಾ? ಟೋಪಿ ತೆಗಿ, ಕೂದಲು ಎಷ್ಟು ಉಳಿದಿದೆ ನೋಡೋಣ," ಎಂದೆ. ಇಬ್ಬರ ಕಣ್ಣಲ್ಲೂ ನೀರು ಬಂತು.

ಕಾನ್ವೆಂಟು ಊರಿನ ಉತ್ತರ ದಿಕ್ಕಿನ ಒಂದು ಹಳೆಯ ಸಬರ್ಬಿನಲ್ಲಿತ್ತು. ಮರುದಿನ ಬೆಳಿಗ್ಗೆ ಹಬೆಯಾಡುವ ಚಹಾ ಲೋಟ ಹಿಡಿದು ಸೆವರಿನ್ ನನಗೆ ಜಾಗ ತೋರಿಸಿದಳು. ಮುಂದೆ ಕೆಂಪು ಇಟ್ಟಿಗೆಯ ಮನೆ, ಹಿಂದೆ ನಿಂಬೆ ಮತ್ತು ಸೇಬಿನ ತೋಟ. ತೋಟದ ನಡುವೆ ಒಂದು ಕಾಲುದಾರಿ. ಅದರ ಒಂದು ತುದಿಗೆ ಬಡಾವಣೆಯ ಕಡೆಯ ಗೇಟು, ಇನ್ನೊಂದು ತುದಿಗೆ ರೈಲ್ವೆ ಸ್ಟೇಷನ್ನಿನ ಕಡೆಯ ಗೇಟು. ಈ ದಾರಿಯಲ್ಲಿ ಹೋದರೆ ಸ್ಟೇಷನ್ನಿಗೆ ಮೂರು ನಿಮಿಷ, ರಸ್ತೆ ಸುತ್ತಿ ಹೋದರೆ ಇಪ್ಪತ್ತು. ಆದ್ದರಿಂದ ಬಡಾವಣೆಯವರೆಲ್ಲ ಬಹಳ ವರ್ಷಗಳಿಂದ ಇಲ್ಲೇ ಓಡಾಡುತ್ತಿದ್ದರು. ದಾರಿಯ ಅಂಚಿನಲ್ಲಿ, ಕಬ್ಬಿಣದ ಪುಟ್ಟ ಶಿಲುಬೆಗಳ ಕೆಳಗೆ, ಈ ಮನೆಯನ್ನು ಕಟ್ಟಿದ ಮೊದಲ ಸಿಸ್ಟರುಗಳ ಸಮಾಧಿಗಳಿದ್ದವು.

"ಈಗ ಕೌನ್ಸಿಲ್‌ನವರು, ಅಂದ್ರೆ ಇಲ್ಲಿನ ಮುನಿಸಿಪಾಲಿಟಿಯವರು, ಈ ದಾರಿ ಸಾರ್ವಜನಿಕರದ್ದು ಹೇಳ್ತಾರೆ. ಅಗಲ ಮಾಡಿ ಸೈಕಲ್ ದಾರಿ ಮಾಡ್ಲಿಕ್ಕೆ ಉಂಟಂತೆ. ಸಮಾಧಿಗಳನ್ನು ಗೌರವದಿಂದ ಬೇರೆ ಕಡೆ ಸಾಗಿಸ್ತಾರಂತೆ," ಎಂದಳು. "ಸತ್ತವರಿಗೆ ಟ್ರಾನ್ಸ್‌ಫರ್ ಆರ್ಡರ್!"

"ನಿಮ್ಮ ಜಾಗ ಅವರದ್ದು ಹೇಗಾಯ್ತೇ?"

ಸೆವರಿನ್ ಚಹಾ ಲೋಟವನ್ನು ಗೇಟಿನ ಕಂಬದ ಮೇಲಿಟ್ಟು ಹೇಳಿದಳು. ಜನ ಬಹುಕಾಲ ಯಾರ ಅಡ್ಡಿಯೂ ಇಲ್ಲದೆ ಓಡಾಡಿದ ದಾರಿ ಜನರದೇ ಆಗಿಬಿಡಬಹುದು ಎಂಬುದು ಇಲ್ಲಿನ ಕಾನೂನು. ಅದಕ್ಕಾಗಿ ಹಳಬರು ಒಂದು ಕ್ರಮ ಇಟ್ಟುಕೊಂಡಿದ್ದರು. ವರ್ಷಕ್ಕೊಂದು ದಿನ, ಕಾನ್ವೆಂಟು ಸ್ಥಾಪನೆಯಾದ ಹಬ್ಬದ ದಿನ, ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಎರಡೂ ಗೇಟುಗಳಿಗೆ ಬೀಗ. ಒಂದು ದಿನ ತಡೆದರೆ, ಉಳಿದ ದಿನಗಳ ಓಡಾಟವೆಲ್ಲ ಮಾಲೀಕರ ಒಪ್ಪಿಗೆಯಿಂದ ನಡೆದದ್ದು ಎಂದು ತೋರಿಸಬಹುದು. ಅಯರ್ಲೆಂಡಿನಿಂದ ಬಂದಿದ್ದ ಸಿಸ್ಟರ್ ನೋರಾ ಪ್ರತಿವರ್ಷ ಆ ಬೀಗ ಹಾಕುತ್ತಿದ್ದರು.

"ನಾನು ಬಂದವಳು ಅದನ್ನು ನಿಲ್ಲಿಸಿದೆ," ಎಂದಳು ಸೆವರಿನ್. "ಕಾರಣ ಕೇಳ್ಲೂ ಇಲ್ಲ ನಾನು. ನಮ್ಮಲ್ಲಿ ಹಬ್ಬದ ದಿನ ಯಾರಾದ್ರೂ ಗೇಟು ಹಾಕ್ತಾರಾ ಗಿರಿಜಾ? ದಾರಿಯಲ್ಲಿ ಹೋಗುವವರನ್ನೂ ಕರೆದು ತಿಂಡಿ ಕೊಡ್ಲಿಕ್ಕೆ ಉಂಟಲ್ಲ? ಇದೆಂತ ಜಿಪುಣತನ ಅಂತ ಬೀಗ ತೆಗೆಸಿ, ಗೇಟಿಗೆ ಹೂ ಕಟ್ಟಿ, ಮೂರು ವರ್ಷ ಎಲ್ಲರಿಗೂ ನಮ್ಮ ಕಡೆಯ ಸಿಹಿಗಡುಬು ನೆವ್ರಿ, ಕೇಕು ಹಂಚಿದೆ. ಕೌನ್ಸಿಲ್‌ನವನೂ ಬಂದು ತಿಂದು ಹೋದ."

"ನೋರಾ ಸಿಸ್ಟರು ಬಾಯಿಬಿಟ್ಟು ಹೇಳಬಾರದಿತ್ತಾ?"

"ಕೇಳಿದೆ. ನೀನು ಹೊಸ ಮುಖ್ಯಸ್ಥೆ, ನಿನ್ನ ಮಾತಿಗೆ ಎದುರಾಡೋದು ನಮ್ಮ ವ್ರತಕ್ಕೆ ಒಪ್ಪೋದಲ್ಲ ಅಂತ ಸುಮ್ಮನಿದ್ದೆ ಅಂದ್ರು. ನನಗೆ ನೆಲ ಬಾಯಿಬಿಡಬಾರದಾ ಅಂತ ಆಯ್ತು."

ನಾನು ಕಕ್ಕಾಬಿಕ್ಕಿಯಾದೆ. ಮರುಕ್ಷಣವೇ, ಒಳ್ಳೆಯ ಸ್ನೇಹಿತೆಗೆ ತಕ್ಕದ್ದಲ್ಲದ ಸಂಭ್ರಮವೊಂದು ಒಳಗಿನಿಂದ ಉಕ್ಕಿ, "ಸೆವರಿನ್, ಇದು ನನ್ನ ಪೇಪರು ಕಣೇ!" ಎಂದುಬಿಟ್ಟೆ. ಕುದುರೆ, ಹುಲ್ಲು, ಊಟ, ದಯೆ, ಹಕ್ಕು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಪೇಪರ್ ಆಮೇಲೆ ಬರಿ. ನಾಡಿದ್ದು ಹಬ್ಬ. ವಕೀಲರು ಹೇಳಿದ್ದಾರೆ, ತಪ್ಪಿದ ಮೂರು ವರ್ಷಕ್ಕೆ ವಾದ ಮಾಡಬಹುದು, ಆದರೆ ಈ ವರ್ಷವೂ ತಪ್ಪಿದ್ರೆ ಕೈ ಬಿಟ್ಟ ಹಾಗೆ. ಒಬ್ಬರೂ ದಾಟಬಾರದು, ಬೀಗ ಹಾಕಿದ್ರೂ ಗೇಟು ಹಾರುವವರು ಇರ್ತಾರೆ. ನನಗೆ ಎರಡು ಗೇಟು ಉಂಟು, ನಡೀಲಿಕ್ಕೆ ಆಗುವ ಕಾಲು ಇಡೀ ಮನೆಯಲ್ಲಿ ನನ್ನದು ಮಾತ್ರ. ನೀನು ನಿಲ್ತೀಯಾ?"

ಹಬ್ಬದ ದಿನವೇ ಸಂಜೆ ನಾನು ಸಿಂಗಪುರದ ವಿಮಾನ ಹತ್ತಬೇಕಿತ್ತು. ನಿಲ್ಲುತ್ತೇನೆ ಎಂದೆ.

ಹಬ್ಬದ ಬೆಳಿಗ್ಗೆ ಉಸಿರು ಬಿಟ್ಟರೆ ಹೊಗೆ ಬರುವಷ್ಟು ಚಳಿ. ಸೆವರಿನ್ ಸ್ಟೇಷನ್ನಿನ ಕಡೆಯ ಗೇಟಿಗೆ ಬೀಗ ಹಾಕಿ ಅಲ್ಲಿ ನಿಂತಳು, ನನಗೆ ಬಡಾವಣೆಯ ಗೇಟು. ವಾರದಿಂದ ಗೇಟಿನ ಮೇಲೆ ಸೂಚನೆ ಹಚ್ಚಿದ್ದರೂ ಓದಿದವರು ಕಡಿಮೆ. ನನ್ನ ಎದುರು ಐದೇ ನಿಮಿಷದಲ್ಲಿ ಜನ ಸೇರಿದರು. ಟೈ ಕಟ್ಟಿದವನೊಬ್ಬ ಗಡಿಯಾರ ತೋರಿಸಿ ಹಲ್ಲು ಕಡಿದ. ಮಗುವಿನ ತಳ್ಳುಗಾಡಿ ಹಿಡಿದ ತಾಯಿ ಒಂದು ಮಾತೂ ಆಡದೆ ತಿರುಗಿ ಹೋದಳು, ಅದು ಹೆಚ್ಚು ಚುಚ್ಚಿತು. ರಾತ್ರಿಪಾಳಿ ಮುಗಿಸಿ ಬರುತ್ತಿದ್ದ ಪಂಜಾಬಿ ವಿದ್ಯಾರ್ಥಿನಿಯೊಬ್ಬಳು ನನ್ನ ಸೀರೆ ನೋಡಿ ಮುಖ ಅರಳಿಸಿ, "ಆಂಟೀಜಿ, ಕ್ಲಾಸ್ ಹೈ, ಬಸ್ ಏಕ್ ಮಿನಿಟ್," ಎಂದು, ತರಗತಿಗೆ ಹೊತ್ತಾಯಿತು, ಒಂದೇ ನಿಮಿಷ ಬಿಡಿ ಎಂಬಂತೆ ಕೈಮುಗಿದಳು. ನನ್ನ ಕೈ ಬೀಗದ ಕಡೆಗೆ ಹೋದದ್ದು ಸುಳ್ಳಲ್ಲ. ಸಿಡ್ನಿಯ ಹಿಂದಿನ ಸಾಲಿನವನ ಪ್ರಶ್ನೆ ಇವರೆಲ್ಲರ ಮುಖ ಹೊತ್ತು ಬಂದು ನಿಂತ ಹಾಗಿತ್ತು. ಹರಕು ಹಿಂದಿಯಲ್ಲಿ ಅವಳಿಗೆ ಇಲ್ಲವೆಂದೆ, ಅವಳು ಚೀಲ ಎದೆಗವಚಿಕೊಂಡು ರಸ್ತೆಯ ದಾರಿಯಲ್ಲಿ ಓಡಿದಳು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಹತ್ತು ಗಂಟೆಯ ಹೊತ್ತಿಗೆ ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು. ಅವಳ ಗಂಡ ಸ್ಟೇಷನ್ನಿನ ಆಚೆಯ ನರ್ಸಿಂಗ್ ಹೋಮಿನಲ್ಲಿದ್ದ. ದಿನವೂ ಇದೇ ದಾರಿಯಲ್ಲಿ ಹೋಗಿ ಅವನಿಗೆ ಊಟ ಮಾಡಿಸುತ್ತಾಳಂತೆ. ಇಪ್ಪತ್ತು ನಿಮಿಷದ ರಸ್ತೆ ಅವಳಿಂದ ಆಗದ ಮಾತು. ನಾನು ಸೆವರಿನ್‌ಳನ್ನು ಕೂಗಿದೆ. ಅವಳು ಉದ್ದಕ್ಕೂ ಓಡಿಬಂದಳು.

"ಇವರನ್ನಾದ್ರೂ ಬಿಡೋಣ ಕಣೇ," ಎಂದೆ.

"ಬಿಡ್ಲಿಕ್ಕಾಗುದಿಲ್ಲ." ಅವಳು ಜೇಬಿನಿಂದ ಕಾರಿನ ಕೀಲಿ ತೆಗೆದಳು. "ಕಾರು ತರ್ತೇನೆ. ಮುಂಬಾಗಿಲಿನಿಂದ ರಸ್ತೆ ಸುತ್ತಿ ನಾನೇ ಬಿಟ್ಟು ಬರ್ತೇನೆ. ಆ ಗೇಟಿಗೆ ಬೀಗ ಉಂಟು, ಈ ಹೊತ್ತಿಗೆ ಅಲ್ಲಿ ಜನ ಇಲ್ಲ, ನೀನು ಇಲ್ಲಿಂದ ಅಲುಗಬೇಡ."

ಕಾರು ಅತ್ತ ಹೋಯಿತು, ಇತ್ತ ಹಳದಿ ಜಾಕೀಟಿನವನೊಬ್ಬ ಬಂದ. ಕೊರಳಲ್ಲಿ ಕೌನ್ಸಿಲ್ಲಿನ ಗುರುತಿನ ಚೀಟಿ, ಕೈಯಲ್ಲಿ ಅಳತೆಯ ಟೇಪು. ಮೂವತ್ತು ವರ್ಷ ತರಗತಿಯಲ್ಲಿ ನಿಂತು ರಾಜನ ಅಧಿಕಾರಿಗಳನ್ನು ಬೈದವಳು ನಾನು. ಒಬ್ಬನೇ ಒಬ್ಬ ಎದುರು ಬಂದು ನಿಂತಾಗ ಗೇಟಿನ ಕಂಬಿ ಹಿಡಿದುಕೊಂಡೆ. ಅವನು ಬಲು ಸಭ್ಯ. ದಾರಿ ಅಳೆಯಬೇಕಿತ್ತು, ದಯವಿಟ್ಟು ತೆರೆಯುತ್ತೀರಾ ಎಂದ.

"ಇವತ್ತು ಆಗುವುದಿಲ್ಲ. ಇದು ಕಾನ್ವೆಂಟಿನ ಜಾಗ, ಬೀಗ ಹಾಕಿದೆ," ಎಂದೆ.

"ಇದು ಸಾರ್ವಜನಿಕ ದಾರಿ, ಮೇಡಂ."

"ಹಾಗಿದ್ದಿದ್ದರೆ ನೀವು ನನ್ನನ್ನು ಕೇಳುತ್ತಲೇ ಇರಲಿಲ್ಲ."

ಅವನು ಟೇಪನ್ನು ಸುತ್ತಿಟ್ಟುಕೊಂಡ. ಆಮೇಲೆ, "ತಾವು ಈ ಕಾನ್ವೆಂಟಿನವರೋ?" ಎಂದು ನನ್ನ ಹಣೆಯ ಕುಂಕುಮ ನೋಡಿದ.

"ಅಲ್ಲ, ಮನೆಗೆ ಬಂದ ಅತಿಥಿ. ನನಗೆ ಒಪ್ಪಿಸಿದ ಬಾಗಿಲು ಇದು. ಒಳಗೆ ಬಿಡುವ ಅಧಿಕಾರ ನನಗಿಲ್ಲ, ಬಿಡದಿರುವ ಅಧಿಕಾರ ಇದೆ."

ಅವನು ಚೀಲದಿಂದ ಕ್ಯಾಮೆರಾ ತೆಗೆದ. ನಾನು ದಾರಿಗೆ ಅಡ್ಡ ನಿಂತದ್ದಕ್ಕೆ ಸಾಕ್ಷಿ ಬೇಕಿತ್ತೇನೋ. ನನಗೆ ಥಟ್ಟನೆ ಹೊಳೆಯಿತು. ಈ ಗೇಟು ಇವತ್ತು ಮುಚ್ಚಿತ್ತು ಎಂದು ನಾವು ಹೇಳಿದರೆ ಯಾರೂ ನಂಬಬೇಕಾಗಿಲ್ಲ. ಕೌನ್ಸಿಲ್ಲಿನವನೇ ಫೋಟೊ ಹಿಡಿದುಕೊಂಡು ಹೋದರೆ? ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದು, "ಬೀಗ ಸರಿಯಾಗಿ ಬರಲಿ. ಸೂಚನೆಯ ಹಲಗೆಯೂ ಬರಲಿ, ಅದರಲ್ಲಿ ತಾರೀಖು ಇದೆ," ಎಂದೆ. ಅವನು ಎರಡು ಸಲ ಕ್ಲಿಕ್ಕಿಸಿದ. ಮೂರನೆಯದಕ್ಕೆ ಬೆರಳಿಟ್ಟವನು ಏನೋ ಅರ್ಥವಾಗಿ ಕ್ಯಾಮೆರಾ ಇಳಿಸಿದ. ಅವನ ಕಿವಿ ಕೆಂಪಾಯಿತು. ಒಳ್ಳೆಯ ಹುಡುಗ, ಹೋಗುವಾಗ ನಮಸ್ಕಾರ ಹೇಳಿಯೇ ಹೋದ. ಮನೆಯ ಕಡೆ ತಿರುಗಿದಾಗ, ಮಹಡಿಯ ಕಿಟಕಿಯಲ್ಲಿ ಗಾಲಿಕುರ್ಚಿಯ ನೋರಾ ಸಿಸ್ಟರು ಎರಡೂ ಮುಷ್ಟಿಗಳನ್ನು ಮೇಲೆತ್ತಿ ಅಲ್ಲಾಡಿಸುತ್ತಿದ್ದರು.

ಸೆವರಿನ್ ಹಿಂದಿರುಗಿ ಕೇಳಿದವಳೇ ನನ್ನನ್ನು ಬಾಚಿ ತಬ್ಬಿಕೊಂಡಳು. ಆದರೆ ಕುಣಿದಾಡಲು ಹೊತ್ತಿರಲಿಲ್ಲ. ಮಧ್ಯಾಹ್ನ ನಿಂತಲ್ಲೇ ನೆವ್ರಿ ತಿಂದೆವು. ಹೊಟ್ಟೆಗೆ ಹಾಕಿಕೊಳ್ಳುವ ಮನಸ್ಸಿರುವ ನೆರೆಯವರಿಗೆ ಸೆವರಿನ್ ಗೇಟಿನ ಮೇಲಿನಿಂದ ತಟ್ಟೆ ದಾಟಿಸಿದಳು. ಕೆಲವರು ತೆಗೆದುಕೊಂಡರು, ಅರ್ಧ ದಿನಕ್ಕೇ ಕೆಲಸದಿಂದ ಮರಳಿದ್ದ ಟೈ ಕಟ್ಟಿದವನು ಮಾತ್ರ ಮೂಗು ಮುರಿದ.

ನಾಲ್ಕೂವರೆಗೆ ನನ್ನ ಸೂಟ್‌ಕೇಸು ತಂದಿಟ್ಟುಕೊಂಡೆ. ರೈಲಿನಲ್ಲಿ ನಗರಕ್ಕೆ ಹೋಗಿ ಅಲ್ಲಿಂದ ವಿಮಾನ ನಿಲ್ದಾಣದ ಬಸ್ಸು ಹಿಡಿಯಬೇಕಿತ್ತು. ಸೂರ್ಯ ಮುಳುಗಲು ಇನ್ನೂ ಮುಕ್ಕಾಲು ಗಂಟೆ. ಕೆಲಸ ಮುಗಿಸಿ ಮರಳುವವರ ರೈಲುಗಳು ಬರತೊಡಗಿದ್ದರಿಂದ ಸೆವರಿನ್ ಸ್ಟೇಷನ್ನಿನ ಗೇಟು ಬಿಟ್ಟು ಕದಲುವಂತಿರಲಿಲ್ಲ, ಕಾರಿನ ಮಾತು ದೂರವೇ ಉಳಿಯಿತು. ನಾನು ಅವಳ ಬಳಿಗೆ ಹೋಗಿ, "ಒಂಚೂರು ತೆಗಿಯೇ, ನುಸುಳಿಕೊಂಡು ಹೋಗ್ತೀನಿ. ನಾನು ಮನೆಯವಳೇ ತಾನೆ?" ಎಂದೆ.

ಅವಳು ಹೊರಗೆ ಸೇರುತ್ತಿದ್ದ ಜನರನ್ನು ನೋಡಿದಳು, ನನ್ನ ಪೆಟ್ಟಿಗೆಯನ್ನು ನೋಡಿದಳು.

"ಇಲ್ಲ."

"ಸೆವರಿನ್!"

"ಬೆಳಿಗ್ಗೆ ಆ ಅಜ್ಜಿಗೆ ತೆಗೀಲಿಲ್ಲ ನಾನು. ಈಗ ನನ್ನ ಫ್ರೆಂಡ್‌ಗೆ ತೆಗೆದ್ರೆ ಅದು ಬೀಗ ಅಲ್ಲ ಗಿರಿಜಾ, ನಾಟಕ."

ಸಿಟ್ಟು ನೆತ್ತಿಗೇರಿತು. ಪೆಟ್ಟಿಗೆ ಎಳೆದುಕೊಂಡು ಮುಂಬಾಗಿಲಿನಿಂದ ಹೊರಟೆ. ಇಪ್ಪತ್ತು ನಿಮಿಷದ ಆ ರಸ್ತೆ ಏರು. ಪೆಟ್ಟಿಗೆಯ ಒಂದು ಚಕ್ರ ಕಿರುಗುಟ್ಟುತ್ತಿತ್ತು, ಉದುರಿದ ಎಲೆಗಳ ಮೇಲೆ ಕಾಲು ಜಾರುತ್ತಿತ್ತು, ನಾನು ಕನ್ನಡದಲ್ಲಿ ಜೋರಾಗಿ ಅವಳನ್ನು ಬೈಯುತ್ತ ನಡೆದೆ. ಅರ್ಧ ದಾರಿಯಲ್ಲಿ ಪಂಜಾಬಿ ಹುಡುಗಿ ನೆನಪಾದಳು, ಅವಳು ಇಲ್ಲೇ ಓಡಿದ್ದಳು. ತಳ್ಳುಗಾಡಿಯ ತಾಯಿಯೂ ಇದೇ ಏರನ್ನು ಹತ್ತಿರಬೇಕು. ಆಮೇಲೆ ಬೈಗುಳ ನಿಂತಿತು. ಅವಳು ನನಗೆ ಗೇಟು ತೆಗೆದಿದ್ದರೆ ಅವರೆಲ್ಲರಿಗೂ ಮೋಸ ಮಾಡಿದ ಹಾಗಾಗುತ್ತಿತ್ತು ಎಂದು ಏದುಸಿರು ಬಿಡುತ್ತಲೇ ಒಪ್ಪಿಕೊಂಡೆ.

ಸ್ಟೇಷನ್ ತಲುಪಿದಾಗ ಗೇಟಿನ ಹೊರಗೆ ಹತ್ತಿಪ್ಪತ್ತು ಜನ ಕಾಯುತ್ತಿದ್ದರು. ಅವರ ನಡುವೆ ಜಾಗ ಮಾಡಿಕೊಂಡು ಕಂಬಿಗಳ ಹತ್ತಿರ ಹೋದೆ. ಬೆಳಗಿನಿಂದ ಕಾದ ಬಾಗಿಲಿಗೆ ಈಗ ನಾನೇ ಹೊರಗಿನವಳು. ಸೆವರಿನ್ ನನ್ನನ್ನು ನೋಡಿದಳು. ಅವಳ ಕಣ್ಣು ಕೆಂಪಾಗಿತ್ತು.

"ಕಾಲು ನೋಯ್ತಾ ಉಂಟಾ?"

"ನೋಯ್ತಿದೆ. ತೆಗೀಬೇಡ," ಎಂದೆ.

ಅವಳು ಕಂಬಿಗಳ ನಡುವೆ ಕೈ ಹಾಕಿ ನನ್ನ ಕೈ ಹಿಡಿದಳು. ಇನ್ನೊಮ್ಮೆ ನೋಡುತ್ತೇವೋ ಇಲ್ಲವೋ ಗೊತ್ತಿರಲಿಲ್ಲ, ಇಬ್ಬರಿಗೂ ವಯಸ್ಸಾಗಿತ್ತು. ದಿನವಿಡೀ ಬಂದವರಿಗೆಲ್ಲ ಹೇಳಿ ಹೇಳಿ ಬಾಯಿಗೆ ಬಂದ ಮಾತನ್ನೇ ಅವಳು ಹೇಳಿದಳು.

"ನಾಳೆ ಬಾ. ತೆಗೆದಿರ್ತದೆ."

ನಾನು ಆಗಲಿ ಎಂದೆ.

ರೈಲು ಬಂತು. ಒಳಗೆ ಪೆಟ್ಟಿಗೆ ನೂಕಿ ಕಿಟಕಿಗೆ ಮುಖವೊತ್ತಿ ನೋಡಿದೆ. ಬಿಸಿಲು ಮನೆಗಳ ಹೆಂಚಿನಿಂದ ಜಾರಿ ಹೋಗಿದ್ದರೂ ಸೂರ್ಯ ಮುಳುಗಲು ಇನ್ನೂ ಕೆಲವು ನಿಮಿಷವಿತ್ತು. ಹೊರಗಿನವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಒಳಗೆ ಸೆವರಿನ್ ಕೀಲಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು. ತೆಗೆಯಲಿಲ್ಲ.